ಕೊಡಗಿಗೆ ಯಾವ ಅಫೆರೆಸಿಸ್ ಮಷೀನ್? ಕೊಳ್ಳುವ ಮುಂಚೆ ನೋಡಬೇಕಾದ್ದು

"ನಮ್ಮಲ್ಲೇ ಒಂದು ಮಷೀನ್ ಹಾಕಿಸಬಹುದಲ್ವಾ ಅಕ್ಕ? ಯಾವುದು ಒಳ್ಳೆಯದು ಹೇಳಿ." ರಕ್ತದಾನ ಶಿಬಿರ ನಡೆಸುವ ಹುಡುಗರು ಪ್ರತಿ ಮಳೆಗಾಲದಲ್ಲೂ ಈ ಪ್ರಶ್ನೆ ಕೇಳುತ್ತಾರೆ. ಅವರು ಕೇಳುವುದು ಅಫೆರೆಸಿಸ್ ಮಷೀನ್ ಬಗ್ಗೆ, ಅಂದರೆ ದಾನಿಯ ರಕ್ತದಿಂದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಥರದ ಬೇಕಾದ ಭಾಗವನ್ನಷ್ಟೇ ತೆಗೆದು ಮಿಕ್ಕಿದ್ದನ್ನು ವಾಪಸ್ ಕೊಡುವ ಯಂತ್ರ. ಡೆಂಗಿ ಶುರುವಾದರೆ ಡಾಕ್ಟರುಗಳೂ ಕೇಳುತ್ತಾರೆ. ನಾನು ಹಲವು ವರ್ಷ ಮೈಸೂರಿನಲ್ಲಿ ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್ ಆಗಿ ಕೆಲಸ ಮಾಡಿ ಈಗ ಊರಿಗೆ ವಾಪಸ್ ಬಂದಿದ್ದೇನೆ. ಬೇರೆ ಬೇರೆ ಕಂಪನಿಯ ಮಷೀನ್‌ಗಳ ಪಕ್ಕ ಕೂತು, ದಾನಿಗಳ ಕೈ ಹಿಡಿದು ಕಳೆದ ಗಂಟೆಗಳಿಗೆ ಲೆಕ್ಕವಿಲ್ಲ. ಆದ್ದರಿಂದ ಒಮ್ಮೆ ಕೂತು ಎಲ್ಲವನ್ನೂ ಬರೆದುಬಿಡೋಣ ಅನ್ನಿಸಿತು.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಮಂಗಳೂರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಅದೂ ಸಂಪಾಜೆ ಘಾಟಿ ಇಳಿದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದಾಗ ಆ ದಾರಿ ವಾರಗಟ್ಟಲೆ ಬಂದ್ ಆಗಿದ್ದು ನಮಗ್ಯಾರಿಗೂ ಮರೆತಿಲ್ಲ. ಪ್ಲೇಟ್‌ಲೆಟ್ ಆಯಸ್ಸು ಬರೀ 5 ದಿನ. ಹಾಗಾಗಿ "ನಮ್ಮಲ್ಲೇ ಬೇಕು" ಅನ್ನುವ ಆಸೆ ತಪ್ಪಲ್ಲ. ಆದರೆ ಬ್ರೋಷರ್‌ನಲ್ಲಿ ಯಾವ ಮಷೀನ್ ಎಷ್ಟು ಪ್ಲೇಟ್‌ಲೆಟ್ ತೆಗೆಯುತ್ತದೆ ಅಂತ ನೋಡಿ ಆರಿಸಿದರೆ ಕೆಡುತ್ತೀರಿ. ನಿಮ್ಮ ಕುರ್ಚಿಯಲ್ಲಿ ಬಂದು ಕೂರುವ ದಾನಿ ಯಾರು, ಅವರ ತೂಕ ಎಷ್ಟು, ರಕ್ತನಾಳ ಹೇಗಿದೆ, ತಿಂಗಳಿಗೆ ಎಷ್ಟು ಜನ ಸಿಗುತ್ತಾರೆ, ಅಲ್ಲಿಂದ ಶುರು ಮಾಡಬೇಕು.

ಮೊದಲು, ಮಷೀನ್ ಬೇಕೇ?

ಮಾಮೂಲಿ ರಕ್ತದಾನದಲ್ಲಿ 350 ಅಥವಾ 450 ಮಿ.ಲೀ. ರಕ್ತ ಬ್ಯಾಗಿಗೆ ಬರುತ್ತದೆ. ಅದನ್ನು ತಣ್ಣಗಿನ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರೂ ಬೇರೆಯಾಗುತ್ತವೆ. ಹೀಗೆ ಸಿಗುವ ಪ್ಲೇಟ್‌ಲೆಟ್‌ಗೆ ನಾವು ಆರ್‌ಡಿಪಿ (ರ್ಯಾಂಡಮ್ ಡೋನರ್ ಪ್ಲೇಟ್‌ಲೆಟ್) ಅನ್ನುತ್ತೇವೆ. ಒಂದು ಬ್ಯಾಗಿನಲ್ಲಿ 3,500ರಿಂದ 4,500 ಕೋಟಿ ಪ್ಲೇಟ್‌ಲೆಟ್ ಇದ್ದರೆ ಅದು ಒಳ್ಳೆಯ ಯೂನಿಟ್.

ಅಫೆರೆಸಿಸ್‌ನಲ್ಲಿ ದಾನಿಯ ರಕ್ತ ಮಷೀನಿಗೆ ಹೋಗಿ, ಬೇಕಾದ ಭಾಗ ಅಲ್ಲೇ ಉಳಿದು, ಮಿಕ್ಕಿದ್ದು ಅದೇ ದಾನಿಗೆ ವಾಪಸ್ ಹೋಗುತ್ತದೆ. ಇದರಿಂದ ಸಿಗುವುದು ಎಸ್‌ಡಿಪಿ, ಅಂದರೆ ಸಿಂಗಲ್ ಡೋನರ್ ಪ್ಲೇಟ್‌ಲೆಟ್. ಒಂದು ಎಸ್‌ಡಿಪಿಯಲ್ಲಿ ಕನಿಷ್ಠ 30,000 ಕೋಟಿ ಪ್ಲೇಟ್‌ಲೆಟ್ ಇರಬೇಕು. ಅಂದರೆ ಆರರಿಂದ ಎಂಟು ಆರ್‌ಡಿಪಿಗೆ ಸಮ. ದೊಡ್ಡವರಿಗೆ ಒಂದು ಆರ್‌ಡಿಪಿ ಹಾಕಿದರೆ ಪ್ಲೇಟ್‌ಲೆಟ್ ಕೌಂಟ್ 5,000ದಿಂದ 10,000 ಏರಬಹುದು. ಒಂದು ಎಸ್‌ಡಿಪಿ ಹಾಕಿದರೆ 30,000ದಿಂದ 60,000. ಲುಕೇಮಿಯಾ (ರಕ್ತದ ಕ್ಯಾನ್ಸರ್) ಇರುವ ಮಗುವಿಗೆ ಮತ್ತೆ ಮತ್ತೆ ಪ್ಲೇಟ್‌ಲೆಟ್ ಬೇಕಾಗುತ್ತದೆ. ಅಂಥ ಮಗುವಿಗೆ ಎಂಟು ಜನರ ರಕ್ತದ ಬದಲು ಒಬ್ಬರದ್ದೇ ಸಿಕ್ಕರೆ ಎಷ್ಟು ಒಳ್ಳೆಯದು, ಅಲ್ವಾ? ಎಸ್‌ಡಿಪಿಯ ನಿಜವಾದ ಬೆಲೆ ಅಲ್ಲಿದೆ.

ಡೆಂಗಿ ವಿಷಯ ಮಾತ್ರ ಬೇರೆ. ಕೌಂಟ್ 40,000ಕ್ಕೆ ಇಳಿಯಿತು ಅಂದ ತಕ್ಷಣ ಮನೆಯವರು ಗಾಬರಿಯಾಗಿ ದಾನಿಗಳನ್ನು ಹುಡುಕಲು ಓಡುತ್ತಾರೆ. ರಕ್ತಸ್ರಾವ ಇಲ್ಲದಿದ್ದರೆ ಕೌಂಟ್ 10,000ಕ್ಕಿಂತ ಕೆಳಗೆ ಹೋಗುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಕೊಡುವ ಅಗತ್ಯ ಇಲ್ಲ ಅಂತಲೇ ನಮ್ಮ ದೇಶದ ಡೆಂಗಿ ಚಿಕಿತ್ಸಾ ಸೂಚನೆ ಹೇಳುವುದು. ಆದ್ದರಿಂದ "ಡೆಂಗಿಗೆ ಬೇಕು" ಅನ್ನುವ ಒಂದೇ ಕಾರಣಕ್ಕೆ ಮಷೀನ್ ಕೊಳ್ಳಬೇಡಿ. ಕಳೆದ ಒಂದು ವರ್ಷದಲ್ಲಿ ನಿಮ್ಮ ಆಸ್ಪತ್ರೆಯಿಂದ ಮೈಸೂರಿಗೋ ಮಂಗಳೂರಿಗೋ ಪ್ಲೇಟ್‌ಲೆಟ್‌ಗಾಗಿ ಕಳಿಸಿದ ಕೇಸ್ ಎಷ್ಟು, ಅದರಲ್ಲಿ ನಿಜವಾಗಿ ಪ್ಲೇಟ್‌ಲೆಟ್ ಹಾಕಿದ್ದು ಎಷ್ಟು ಜನರಿಗೆ, ರಿಜಿಸ್ಟರ್ ತೆಗೆದು ಎಣಿಸಿ. ತಿಂಗಳಿಗೆ ಎರಡು ಮೂರು ಮಾತ್ರ ಬಂದರೆ, ಮೊದಲು ಸೆಂಟ್ರಿಫ್ಯೂಜ್ ಮತ್ತು ಪ್ಲೇಟ್‌ಲೆಟ್ ಅಜಿಟೇಟರ್ (ಪ್ಲೇಟ್‌ಲೆಟ್ ಬ್ಯಾಗನ್ನು ಮೆಲ್ಲಗೆ ಅಲುಗಾಡಿಸುತ್ತಾ ಇಡುವ ಯಂತ್ರ) ಪೂರ್ತಿ ಬಳಕೆಗೆ ಬರಲಿ. ಒಂದು ಶಿಬಿರದಲ್ಲಿ ಐವತ್ತು ಜನ ರಕ್ತ ಕೊಟ್ಟರೆ ಅದರಲ್ಲೇ ಎಷ್ಟು ಪ್ಲೇಟ್‌ಲೆಟ್ ಇದೆ, ಯೋಚನೆ ಮಾಡಿ.

ಹಾಗೇ ಇನ್ನೊಂದು ಮಾತು. ಹೊರಗಿನಿಂದ ಪ್ಲೇಟ್‌ಲೆಟ್ ತರುವವರು ಅದನ್ನು ಐಸ್ ಬಾಕ್ಸ್‌ನಲ್ಲಿ ಇಡಬೇಡಿ. ಐಸ್ ತಂಪು ಬೇಕಾಗಿರುವುದು ಕೆಂಪುಕಣಕ್ಕೆ. ಪ್ಲೇಟ್‌ಲೆಟ್ ಇರಬೇಕಾದ್ದು 20ರಿಂದ 24 ಡಿಗ್ರಿಯಲ್ಲಿ. ಘಾಟಿ ಹತ್ತಿ ತಂದ ಬ್ಯಾಗು ಐಸ್ ಮೇಲೆ ಕೂತು ಹಾಳಾಗಿದ್ದನ್ನು ನೋಡಿದ್ದೇನೆ. ಅದನ್ನು ತಂದವರ ಮುಖ ನೋಡಲಾಗುತ್ತಿರಲಿಲ್ಲ.

ಬೌಲ್ ತುಂಬುವುದು, ನಿಲ್ಲದೆ ಹರಿಯುವುದು

ಮಷೀನ್‌ಗಳಲ್ಲಿ ಎರಡು ಜಾತಿ. ಇದು ಅರ್ಥವಾದರೆ ಮುಕ್ಕಾಲು ಹೋಲಿಕೆ ಮುಗಿದ ಹಾಗೆ.

ಮೊದಲನೆಯದು ಬೌಲ್ ಮಷೀನ್. ಗಂಟೆಯ ಆಕಾರದ ಒಂದು ಪ್ಲಾಸ್ಟಿಕ್ ಬೌಲ್ ಗಿರ್ರನೆ ತಿರುಗುತ್ತಿರುತ್ತದೆ. ದಾನಿಯ ರಕ್ತ ಅದರೊಳಗೆ ತುಂಬುತ್ತಾ ಬರುತ್ತದೆ. ಭಾರವಾದ ಕೆಂಪುಕಣ ಗೋಡೆಗೆ ಅಂಟಿಕೊಳ್ಳುತ್ತದೆ, ಹಗುರವಾದ ಪ್ಲಾಸ್ಮಾ ಒಳಗಿನ ಕಡೆ ನಿಲ್ಲುತ್ತದೆ. ನಡುವೆ ಬೆಣ್ಣೆ ಬಣ್ಣದ ತೆಳು ಪದರ ಇರುತ್ತದೆ, ಬಿಳಿಕಣ ಮತ್ತು ಪ್ಲೇಟ್‌ಲೆಟ್ ಇರುವುದು ಅಲ್ಲಿ. ಬೌಲ್ ತುಂಬಿದ ಮೇಲೆ ಪ್ಲೇಟ್‌ಲೆಟ್ ಬೇರೆ ಚೀಲಕ್ಕೆ ಹೋಗುತ್ತದೆ. ಆಮೇಲೆ ಬೌಲ್ ನಿಲ್ಲುತ್ತದೆ, ಉಳಿದ ರಕ್ತ ಅದೇ ಸೂಜಿಯಿಂದ ದಾನಿಗೆ ಮರಳುತ್ತದೆ. ಹೀಗೆ ಆರೆಂಟು ಸುತ್ತು. ಹಾಲಿನಿಂದ ಕೆನೆ ತೆಗೆಯುವ ಯಂತ್ರವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಈ ಯೋಚನೆ ಹುಟ್ಟಿದ್ದೂ ಅಲ್ಲಿಂದಲೇ. ಎಡ್ವಿನ್ ಕೋನ್ ಅನ್ನುವ ಅಮೆರಿಕದ ವಿಜ್ಞಾನಿ ಮಾಡಿದ್ದನ್ನು ಆಮೇಲೆ ಜಾಕ್ ಲೇಥಮ್ ಬಳಸಿ ಎಸೆಯಬಹುದಾದ ಬೌಲ್ ಆಗಿ ಬದಲಾಯಿಸಿದರು. 1971ರಲ್ಲಿ ಶುರುವಾದ ಹೀಮೊನೆಟಿಕ್ಸ್ ಕಂಪನಿ ಬೆಳೆದದ್ದು ಈ ಬೌಲ್ ಮೇಲೆ.

ಎರಡನೆಯದು ನಿರಂತರ ಹರಿವಿನದು. ರಕ್ತ ಒಳಗೆ ಬರುತ್ತಲೇ ಇರುತ್ತದೆ, ಬೇರ್ಪಡುತ್ತಲೇ ಇರುತ್ತದೆ. ಸೆಂಟ್ರಿಫ್ಯೂಜ್ ನಡುವೆ ನಿಲ್ಲುವುದಿಲ್ಲ. ಇದರ ಹಿಂದೆ ಒಬ್ಬ ಅಪ್ಪನ ಕಥೆ ಇದೆ. ಐಬಿಎಂ ಇಂಜಿನಿಯರ್ ಜಾರ್ಜ್ ಜಡ್ಸನ್ ಅವರ ಮಗನಿಗೆ 1960ರ ದಶಕದ ಶುರುವಿನಲ್ಲಿ ರಕ್ತದ ಕ್ಯಾನ್ಸರ್ ಬಂತು. ಮಗನ ಚಿಕಿತ್ಸೆಯನ್ನು ಹತ್ತಿರದಿಂದ ನೋಡುತ್ತಿದ್ದ ಅವರು, ರಕ್ತಕಣ ಬೇರೆ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಯಂತ್ರ ಮಾಡಬಹುದು ಅಂತ ಹೊರಟು, ಡಾಕ್ಟರ್ ಎಮಿಲ್ ಫ್ರೈರೈಕ್ ಜೊತೆ ಸೇರಿ ಅದನ್ನು ಕಟ್ಟಿದರು. ಇವತ್ತಿನ ನಿರಂತರ ಹರಿವಿನ ಮಷೀನ್‌ಗಳ ಬೇರು ಅಲ್ಲಿದೆ.

ದಾನಿಗೆ ಇದರಿಂದ ಏನು ವ್ಯತ್ಯಾಸ? ಒಂದು ಹೊತ್ತಿನಲ್ಲಿ ಮೈಯಿಂದ ಹೊರಗಿರುವ ರಕ್ತ ಎಷ್ಟು ಅನ್ನುವುದು. ಬೌಲ್ ಮಷೀನ್‌ನಲ್ಲಿ ಬೌಲ್ ತುಂಬುವವರೆಗೆ ರಕ್ತ ಎಳೆಯಲೇಬೇಕು. ದಾನಿಯ ರಕ್ತದಲ್ಲಿ ಕೆಂಪುಕಣದ ಪಾಲು ಕಡಿಮೆ ಇದ್ದರೆ ಬೌಲ್ ತುಂಬಲು ಇನ್ನೂ ಜಾಸ್ತಿ ರಕ್ತ ಬೇಕು. ಅಂದರೆ ಹಿಮೋಗ್ಲೋಬಿನ್ 12.5ರ ಅಂಚಿನಲ್ಲಿರುವ, 50 ಕೆ.ಜಿ. ತೂಕದ ಹೆಣ್ಣುಮಗಳಿಂದಲೇ ಹೆಚ್ಚು ರಕ್ತ ಹೊರಗೆ ಬರುತ್ತದೆ. ಆಕೆಯ ಮೈಯಲ್ಲಿ ಒಟ್ಟು ಇರುವುದೇ ಮೂರೂಕಾಲು ಲೀಟರ್ ಹತ್ತಿರ. ಹೊರಗಿನ ರಕ್ತ ಒಟ್ಟು ರಕ್ತದ ನೂರಕ್ಕೆ 15 ದಾಟಬಾರದು. ಆಕೆಗೆ ಅದು 490 ಮಿ.ಲೀ. ಒಳಗೆ. ಎತ್ತರ, ಗಟ್ಟಿಮುಟ್ಟಾದ ಹಾಕಿ ಆಟಗಾರನಿಗೆ ಇದೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಆಕೆಗೆ ಬರುತ್ತದೆ. ನಮ್ಮಲ್ಲಿ ರಕ್ತ ಕೊಡಲು ಮುಂದೆ ಬರುವ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ. ಅವರನ್ನು ಮಷೀನಿನ ದೆಸೆಯಿಂದ ವಾಪಸ್ ಕಳಿಸುವಂತೆ ಆಗಬಾರದು.

ಮತ್ತೆ ಸಿಟ್ರೇಟ್. ರಕ್ತ ಹೆಪ್ಪುಗಟ್ಟದಂತೆ ಮಷೀನ್ ಬೆರೆಸುವ ಔಷಧ ಇದು. ವಾಪಸ್ ಬರುವ ರಕ್ತದ ಜೊತೆ ಇದೂ ಬಂದು ಮೈಯ ಕ್ಯಾಲ್ಸಿಯಂ ಅನ್ನು ಸ್ವಲ್ಪ ಹೊತ್ತು ಕಟ್ಟಿಹಾಕುತ್ತದೆ.

ಮೂರ್ನಾಡಿನ ಒಬ್ಬರು ನಮ್ಮಲ್ಲಿಗೆ ಖಾಯಂ ಬರುತ್ತಿದ್ದರು. ಮೊದಲ ಸಲ ಕೂತಾಗ ರಕ್ತ ವಾಪಸ್ ಹೋಗುವ ಹೊತ್ತಿಗೆ ಅವರು ತುಟಿ ಸವರಿಕೊಳ್ಳಲು ಶುರು ಮಾಡಿದರು.

"ತುಟಿ ಜುಂ ಅಂತಿದೆಯಾ ಅಣ್ಣ?"

"ಹೂಂ ಅಕ್ಕ, ಇರುವೆ ಹರಿದ ಹಾಗೆ. ಹೇಳಿದರೆ ಮಷೀನ್ ನಿಲ್ಲಿಸಿಬಿಡ್ತೀರಿ ಅಂತ ಸುಮ್ನಿದ್ದೆ."

ವೇಗ ಕಡಿಮೆ ಮಾಡಿ, ಎರಡು ಕ್ಯಾಲ್ಸಿಯಂ ಮಾತ್ರೆ ಜಗಿಯಲು ಕೊಟ್ಟು, ಕಂಬಳಿ ಹೊದಿಸಿದೆ. ಐದು ನಿಮಿಷದಲ್ಲಿ ಸರಿಹೋಯಿತು. ಬೌಲ್ ಮಷೀನ್‌ನಲ್ಲಿ ಈ ಜುಂ ಅನ್ನುವುದು ಅಲೆ ಅಲೆಯಾಗಿ, ವಾಪಸ್ ಬರುವ ಸುತ್ತಿನಲ್ಲಿ ಹೆಚ್ಚು ಕಾಣುತ್ತದೆ. ಇನ್ನೊಂದು ಜಾತಿಯಲ್ಲೂ ಇದೆ, ಆದರೆ ಸಾಮಾನ್ಯವಾಗಿ ಮೆಲ್ಲಗೆ ಏರುತ್ತದೆ. ಯಾವುದನ್ನೇ ಕೊಂಡರೂ ಕುರ್ಚಿ ಪಕ್ಕ ಕ್ಯಾಲ್ಸಿಯಂ ಮತ್ತು ಕಂಬಳಿ ಇರಲಿ. ಹೊರಗೆ ಹೋಗಿ ಬಂದ ರಕ್ತ ಸ್ವಲ್ಪ ತಣ್ಣಗಿರುತ್ತದೆ. ಮಡಿಕೇರಿಯ ಜುಲೈ ಚಳಿಯಲ್ಲಿ ದಾನಿ ನಡುಗಿಬಿಡುತ್ತಾರೆ.

ನಾಲ್ಕು ಮಷೀನ್

ಹೀಮೊನೆಟಿಕ್ಸ್‌ನ ಎಂಸಿಎಸ್ ಪ್ಲಸ್ ಬೌಲ್ ಜಾತಿಯದು. ಒಂದೇ ಕೈ, ಒಂದೇ ಸೂಜಿ. ಚಿಕ್ಕದು, ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುವುದು ಸುಲಭ. ಕಿಟ್ (ಒಂದು ಸಲ ಬಳಸಿ ಎಸೆಯುವ ಕೊಳವೆ, ಚೀಲಗಳ ಸೆಟ್) ಬದಲಾಯಿಸಿದರೆ ಪ್ಲೇಟ್‌ಲೆಟ್, ಪ್ಲಾಸ್ಮಾ, ಕೆಂಪುಕಣ ಬೇರೆ ಬೇರೆ ಕೆಲಸ ಮಾಡುತ್ತದೆ. ಕಲಿಯುವುದು ಕಷ್ಟವಲ್ಲ. ಹೊರಗಿನ ರಕ್ತದ ಪ್ರಮಾಣ ಮತ್ತು ಹಿಡಿಯುವ ಹೊತ್ತು ಇದರ ಮಿತಿ. ಒಂದೂವರೆ ಗಂಟೆ, ಕೆಲವರಿಗೆ ಅದಕ್ಕೂ ಜಾಸ್ತಿ.

ಟೆರುಮೊ ಕಂಪನಿಯ ಟ್ರಿಮಾ ಆಕ್ಸೆಲ್ ನಿರಂತರ ಹರಿವಿನದು, ಆದರೂ ಸೂಜಿ ಒಂದೇ. ಸಣ್ಣ ಸಣ್ಣ ಪ್ರಮಾಣದಲ್ಲಿ ಎಳೆದು, ಸಣ್ಣ ಸಣ್ಣ ಪ್ರಮಾಣದಲ್ಲಿ ವಾಪಸ್ ಕೊಡುತ್ತದೆ. ಕಿಟ್ ಒಳಗೆ ನಿಲ್ಲುವ ರಕ್ತ 200 ಮಿ.ಲೀ. ಆಸುಪಾಸು. ದಾನಿಯ ಎತ್ತರ, ತೂಕ, ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣದ ಪಾಲು), ಪ್ಲೇಟ್‌ಲೆಟ್ ಕೌಂಟ್ ಹಾಕಿದರೆ ಈ ದಾನಿಯಿಂದ ಏನೇನು ತೆಗೆಯಬಹುದು ಅಂತ ಪರದೆಯ ಮೇಲೆ ಪಟ್ಟಿ ತೋರಿಸುತ್ತದೆ. ಒಂದು ಡೋಸ್ ಪ್ಲೇಟ್‌ಲೆಟ್ಟಾ, ಎರಡಾ, ಜೊತೆಗೆ ಪ್ಲಾಸ್ಮಾ ಬೇಕಾ, ಕೆಂಪುಕಣ ಬೇಕಾ. ಒಬ್ಬರಿಂದ ಒಂದೇ ಸಲಕ್ಕೆ ಹಲವು ಘಟಕ ತೆಗೆಯುವುದಕ್ಕೆಂದೇ ಇದನ್ನು ಮಾಡಿದ್ದು. ಬಿಳಿಕಣವನ್ನು ತಡೆಯಲು ಕಿಟ್ ಒಳಗೇ ಶಂಕುವಿನ ಆಕಾರದ ಕೋಣೆ ಇದೆ. ಆದ್ದರಿಂದ ಬೇರೆ ಫಿಲ್ಟರ್ ಬೇಕಿಲ್ಲ.

ಅಮಿಕಸ್ ಮತ್ತು ಕಾಮ್‌ಟೆಕ್ ಎರಡೂ ಈಗ ಫ್ರೆಸೀನಿಯಸ್ ಕಾಬಿ ಕಂಪನಿಯವು. ಎರಡೂ ನಿರಂತರ ಹರಿವಿನವು. ಅಮಿಕಸ್ ಅನ್ನು ಒಂದು ಸೂಜಿಯಲ್ಲೂ ನಡೆಸಬಹುದು, ಎರಡು ಸೂಜಿಯಲ್ಲೂ ನಡೆಸಬಹುದು. ಪ್ಲೇಟ್‌ಲೆಟ್ ಚೆನ್ನಾಗಿ ತೆಗೆಯುತ್ತದೆ. ಕಾಮ್‌ಟೆಕ್ ಅನ್ನು ಹೆಚ್ಚಾಗಿ ಎರಡೂ ಕೈಗೆ ಸೂಜಿ ಹಾಕಿ ನಡೆಸುತ್ತಾರೆ. ಒಂದು ಕೈಯಿಂದ ರಕ್ತ ಹೋಗುತ್ತದೆ, ಇನ್ನೊಂದರಿಂದ ಬರುತ್ತದೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ದಾನಿಗೆ ಒಂದು ಗಂಟೆ ಮೂಗು ತುರಿಸಿಕೊಳ್ಳಲೂ ಆಗುವುದಿಲ್ಲ, ಫೋನ್ ಬಂದರೆ ಎತ್ತಲೂ ಆಗುವುದಿಲ್ಲ. ಒಂದು ಸೂಜಿಯ ಕಿಟ್ ಇದಕ್ಕೂ ಉಂಟು, ಅದೇ ಬೇಕು ಅಂತ ಕೇಳಿ. ಮೊದಲ ಸಲ ಬರುವ, ತೋಟದ ಲೈನ್ ಮನೆಯ ಹುಡುಗನ ಎರಡೂ ಕೈಗೆ ಸೂಜಿ ಹಾಕಿದರೆ ಅವನು ಮತ್ತೆ ಬರುತ್ತಾನಾ? ಬಂದವರೂ ಇದ್ದಾರೆ. ಬಾರದೇ ಹೋದವರು ಜಾಸ್ತಿ.

ಕಾಮ್‌ಟೆಕ್‌ನ ದೊಡ್ಡ ಗುಣ ಬೇರೆ. ಅದರಲ್ಲಿ ರೋಗಿಗಳಿಗೆ ಪ್ಲಾಸ್ಮಾ ಬದಲಾಯಿಸುವ ಚಿಕಿತ್ಸೆಯೂ ಆಗುತ್ತದೆ. ದಾನಿ ಬರದ ದಿನವೂ ಮಷೀನಿಗೆ ಕೆಲಸ ಇರುತ್ತದೆ. ಆಸ್ಪತ್ರೆಯಲ್ಲಿ ಐಸಿಯು, ನರರೋಗದ ಡಾಕ್ಟರು ಇದ್ದರೆ ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು.

ಇಲ್ಲೇ ಇನ್ನೊಂದು ಹೆಸರು ಹೇಳಬೇಕು, ಸ್ಪೆಕ್ಟ್ರಾ ಆಪ್ಟಿಯಾ. ಇದೂ ಟೆರುಮೊದ್ದೇ, ಆದರೆ ಮುಖ್ಯವಾಗಿ ರೋಗಿಗಳ ಚಿಕಿತ್ಸೆಗೆ ಮಾಡಿದ್ದು. ನಮ್ಮ ಜೇನುಕುರುಬ, ಯರವ ಹಾಡಿಗಳಲ್ಲಿ ಸಿಕಲ್ ಸೆಲ್ ಕಾಯಿಲೆ (ಕೆಂಪುಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಕಾಯಿಲೆ) ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಯ ಕಾರ್ಯಕ್ರಮ ಶುರು ಮಾಡಿದ ಮೇಲೆ ಎಲ್ಲ ಕಡೆ ತಪಾಸಣೆ ಜಾಸ್ತಿಯಾಗಿದೆ. ಈ ಕಾಯಿಲೆ ಕೈ ಮೀರಿದಾಗ ರೋಗಿಯ ಕೆಂಪುಕಣ ತೆಗೆದು ಬೇರೆಯವರ ಕೆಂಪುಕಣ ಹಾಕಬೇಕಾಗುತ್ತದೆ. ಆಪ್ಟಿಯಾ ಆ ಕೆಲಸ ಚೆನ್ನಾಗಿ ಮಾಡುತ್ತದೆ. ಟ್ರಿಮಾ ಮಾಡುವುದಿಲ್ಲ, ಅದು ದಾನಿಗಳಿಗೆ ಮಾತ್ರ. ಈ ಎರಡು ಹೆಸರನ್ನು ಗೊಂದಲ ಮಾಡಿಕೊಂಡು ಕೊಟೇಶನ್ ತರಿಸಿದವರನ್ನು ನಾನು ಬಲ್ಲೆ. ಹಾಡಿಯ ಮಕ್ಕಳ ಚಿಕಿತ್ಸೆ ನಿಮ್ಮ ಗುರಿಯಾಗಿದ್ದರೆ ಕೇಳಬೇಕಾದ ಮಷೀನೇ ಬೇರೆ. ಅದಕ್ಕೆ ರೋಗಿಗೆ ಹೊಂದುವ ರಕ್ತ ಒಂದು ಸಲಕ್ಕೆ ಹಲವು ಯೂನಿಟ್ ಬೇಕು ಅನ್ನುವುದೂ ನೆನಪಿರಲಿ.

ಇನ್ನು ಒಬ್ಬ ದಾನಿಯಿಂದ ಎರಡು ಯೂನಿಟ್ ಕೆಂಪುಕಣ ತೆಗೆಯುವ ಸೌಲಭ್ಯ. ಎಲ್ಲ ಸೇಲ್ಸ್‌ನವರೂ ಇದನ್ನು ಹೊಗಳುತ್ತಾರೆ. ನಮಗೆ ಅದು ಬೇಡ. ಮಾಮೂಲಿ ಶಿಬಿರದಿಂದ ಕೆಂಪುಕಣ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ.

ಕಿಟ್ಟಿನ ಕರಾರು

ಮಷೀನಿನ ಬೆಲೆಗಿಂತ ಕಿಟ್ಟಿನ ಬೆಲೆ ನೋಡಿ. ಪ್ರತಿ ದಾನಿಗೂ ಹೊಸ ಕಿಟ್ ಬೇಕು, ಒಂದಕ್ಕೆ ಸಾವಿರಾರು ರೂಪಾಯಿ. ಒಂದು ಕಂಪನಿಯ ಕಿಟ್ ಇನ್ನೊಂದಕ್ಕೆ ಆಗುವುದಿಲ್ಲ. ಹಲವು ಕಡೆ "ಮಷೀನ್ ಫ್ರೀ, ಕಿಟ್ ಮಾತ್ರ ಕೊಳ್ಳಿ" ಅಂತ ಕರಾರು ಮಾಡುತ್ತಾರೆ. ಕೇಳಲು ಚೆಂದ. ಅದರಲ್ಲಿ ತಿಂಗಳಿಗೆ ಇಷ್ಟು ಕಿಟ್ ಕೊಳ್ಳಲೇಬೇಕು ಅಂತ ಒಂದು ಸಾಲು ಇರುತ್ತದೆ. ಆ ಸಾಲನ್ನು ಎರಡು ಸಲ ಓದಿ. ತಿಂಗಳಿಗೆ 15 ಕಿಟ್ ಅಂತ ಬರೆದು ನೀವು ಬಳಸುವುದು 4 ಆದರೆ, ವರ್ಷದ ಕೊನೆಗೆ 132 ಕಿಟ್ ಬೀರುವಿನಲ್ಲಿ ಎಕ್ಸ್‌ಪೈರಿ ಎಣಿಸುತ್ತಾ ಕೂತಿರುತ್ತವೆ.

ನಾನು ಕೆಲಸ ಮಾಡಿದ ಒಂದು ಕಡೆ ಹೀಗೇ ಆಯಿತು. ಕಿಟ್ಟಿಗೆ ದುಡ್ಡು ಸಾಲದೆ ಹೊಸ ಮಷೀನ್ ಮೇಲೆ ಬೆಡ್‌ಶೀಟ್ ಹೊದಿಸಿ ಮೂಲೆಗೆ ತಳ್ಳಿದರು. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ಹಾದು ಹೋಗುತ್ತಿದ್ದೆ. ಹೊರಗೆ ಬೆಂಚಿನ ಮೇಲೆ ಪ್ಲೇಟ್‌ಲೆಟ್‌ಗಾಗಿ ಕಾಯುವವರು ಇರುತ್ತಿದ್ದರು. ಆ ನೋವು ನನಗಿನ್ನೂ ಹೋಗಿಲ್ಲ.

ಕರಾರಿನಲ್ಲಿ ಕನಿಷ್ಠ ಸಂಖ್ಯೆಯನ್ನು ವರ್ಷದ ಲೆಕ್ಕದಲ್ಲಿ ಹಾಕಿಸಿ, ತಿಂಗಳ ಲೆಕ್ಕ ಬೇಡ. ಕಾಫಿ ಕುಯ್ಲಿನ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮಲ್ಲಿ ದಾನಿಗಳು ಸಿಗುವುದೇ ಕಷ್ಟ. ತೋಟದ ಮಾಲೀಕರೂ ಕೆಲಸಗಾರರೂ ಆಗ ಒಂದು ಗಂಟೆ ಬಿಡುವು ಮಾಡಿಕೊಳ್ಳಲಾರರು. ಎಕ್ಸ್‌ಪೈರಿ ಹತ್ತಿರವಾದ ಕಿಟ್ ಬದಲಾಯಿಸಿ ಕೊಡುತ್ತಾರಾ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಇವೂ ಬರವಣಿಗೆಯಲ್ಲಿರಲಿ. ಹಳೆ ಮಷೀನ್ ಕಡಿಮೆಗೆ ಸಿಕ್ಕಿತು ಅಂತ ತರುವವರು ಇದನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು.

ಕರೆಂಟು, ಇಂಜಿನಿಯರ್, ಲೈಸೆನ್ಸ್

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ. ಅಫೆರೆಸಿಸ್ ಮಧ್ಯೆ ಕರೆಂಟ್ ಹೋದರೆ ದಾನಿಯ ರಕ್ತ ಕಿಟ್ ಒಳಗಿರುತ್ತದೆ. ಒಮ್ಮೆ ನಮ್ಮಲ್ಲಿ ಯುಪಿಎಸ್ ಬ್ಯಾಟರಿ ಸತ್ತಿದ್ದು ಯಾರಿಗೂ ಗೊತ್ತಿರಲಿಲ್ಲ. ಕರೆಂಟ್ ಹೋದ ಕ್ಷಣ ಮಷೀನ್ ನಿಂತಿತು. ಒಳಗಿದ್ದ ಕೆಂಪುಕಣ ವಾಪಸ್ ಕೊಡಲು ಆಗಲೇ ಇಲ್ಲ. ನಿಯಮ ಹೀಗಿದೆ: ಕೆಂಪುಕಣ ಪೂರ್ತಿ ವಾಪಸ್ ಹೋಗಿದ್ದರೆ ಪ್ಲೇಟ್‌ಲೆಟ್ ಕೊಟ್ಟವರು 28 ದಿನದ ನಂತರ ಮಾಮೂಲಿ ರಕ್ತದಾನ ಮಾಡಬಹುದು, ಹೋಗಿಲ್ಲದಿದ್ದರೆ 90 ದಿನ ಕಾಯಬೇಕು. ತಿಂಗಳು ತಿಂಗಳು ಬರುತ್ತಿದ್ದ ಆ ದಾನಿ ಮೂರು ತಿಂಗಳು ದೂರ ಉಳಿಯಬೇಕಾಯಿತು. ಅವರು ಒಂದು ಮಾತೂ ಅನ್ನಲಿಲ್ಲ, ನಮಗೇ ಮುಖ ಎತ್ತಲು ಆಗಲಿಲ್ಲ. ಕನಿಷ್ಠ ಎರಡು ಗಂಟೆ ತಡೆಯುವ ಯುಪಿಎಸ್ ಮಷೀನಿನ ಜೊತೆಗೇ ಬರಲಿ. ವಾರಕ್ಕೊಮ್ಮೆ ಪ್ಲಗ್ ಕಿತ್ತು ಪರೀಕ್ಷೆ ಮಾಡಿ.

ಸರ್ವಿಸ್ ಇಂಜಿನಿಯರ್ ಬೆಂಗಳೂರಿನಲ್ಲಿ ಕೂತಿದ್ದರೆ ಮಡಿಕೇರಿಗೆ ಸುಮಾರು 250 ಕಿ.ಮೀ. ಮೈಸೂರಿನಲ್ಲಿ ಅವರದ್ದೇ ಮಷೀನ್ ಓಡುತ್ತಿದ್ದರೆ ಇಂಜಿನಿಯರ್ ಆ ಕಡೆ ಬರುತ್ತಲೇ ಇರುತ್ತಾರೆ, ತುರ್ತಿಗೆ ಕಿಟ್ ಸಾಲ ಕೇಳಲೂ ಆಗುತ್ತದೆ. ಎರಡು ಮಷೀನ್ ನಡುವೆ ಮನಸ್ಸು ಹೊಯ್ದಾಡಿದರೆ, ಮೈಸೂರಿನಲ್ಲಿ ಹೆಚ್ಚು ಬಳಕೆಯಲ್ಲಿರುವುದನ್ನೇ ತಗೊಳ್ಳಿ. ಬ್ಲಡ್ ಬ್ಯಾಂಕಿನ ಲೈಸೆನ್ಸ್‌ನಲ್ಲಿ ಅಫೆರೆಸಿಸ್ ಸೇರಿಸಿಕೊಳ್ಳಬೇಕು, ಅದಕ್ಕೆ 10 ಚದರ ಮೀಟರಿನ ಏಸಿ ಕೋಣೆ ಬೇಕು. ಆ ಕೆಲಸ ಮಷೀನ್ ಬರುವ ಮುಂಚೆ ಮುಗಿಯಲಿ.

ದಾನಿಗಳ ಪಟ್ಟಿಯೂ ಅಷ್ಟೇ. 18ರಿಂದ 60 ವಯಸ್ಸು, 50 ಕೆ.ಜಿ. ಮೇಲೆ ತೂಕ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಜಾಸ್ತಿ, ಮೂರು ದಿನದಿಂದ ಆಸ್ಪಿರಿನ್ ತಗೊಂಡಿರಬಾರದು. 48 ಗಂಟೆ ಬಿಟ್ಟು ಮತ್ತೆ ಕೊಡಬಹುದು, ವಾರಕ್ಕೆ ಎರಡು ಸಲ, ವರ್ಷಕ್ಕೆ 24 ಸಲ ಮೀರುವಂತಿಲ್ಲ. ಇಂಥ ಮೂವತ್ತು ನಲವತ್ತು ಜನರ ಹೆಸರು, ರಕ್ತದ ಗುಂಪು ಕೈಯಲ್ಲಿಲ್ಲದೆ ಯಾವ ಮಷೀನೂ ನಿಮ್ಮ ಕೈ ಹಿಡಿಯುವುದಿಲ್ಲ.

ನಾನಾದರೆ

ಜಿಲ್ಲೆಗೆ ಒಂದೇ ಮಷೀನ್, ಕೆಲಸ ಬರೀ ದಾನಿಗಳದ್ದು ಅಂದರೆ ನಾನು ಒಂದು ಸೂಜಿಯ ನಿರಂತರ ಹರಿವಿನ ಮಷೀನ್ ಆರಿಸುತ್ತೇನೆ. ಟ್ರಿಮಾ ಮೊದಲು, ಒಂದು ಸೂಜಿಯ ಅಮಿಕಸ್ ಆಮೇಲೆ. ಸಣ್ಣ ಮೈಕಟ್ಟಿನ ದಾನಿಯನ್ನೂ ಧೈರ್ಯವಾಗಿ ಕೂರಿಸಬಹುದು ಅನ್ನುವುದೇ ಕಾರಣ. ದುಡ್ಡು ಕಡಿಮೆ, ದಾನಿಗಳು ಹೆಚ್ಚಾಗಿ ಗಟ್ಟಿ ಮೈಯ ಗಂಡಸರು ಅಂದರೆ ಎಂಸಿಎಸ್ ಪ್ಲಸ್ ಸಾಕು, ಅದು ಕೆಟ್ಟ ಮಷೀನ್ ಅಲ್ಲ. ಚಿಕಿತ್ಸೆಗೂ ಬೇಕು ಅನ್ನುವ ದೊಡ್ಡ ಆಸ್ಪತ್ರೆಗೆ ಕಾಮ್‌ಟೆಕ್ ನೋಡಿ.

ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಖಾಯಂ ದಾನಿಗಳಲ್ಲಿ ಇಬ್ಬರನ್ನು ಕರೆದುಕೊಂಡು, ನೀವು ನೋಡುತ್ತಿರುವ ಮಷೀನ್ ದಿನಾ ಓಡುತ್ತಿರುವ ಮೈಸೂರಿನ ಅಥವಾ ಮಂಗಳೂರಿನ ಬ್ಲಡ್ ಸೆಂಟರ್‌ಗೆ ಹೋಗಿ. ಅವರಲ್ಲಿ ಒಬ್ಬರು ಐವತ್ತೈದು ಕೆ.ಜಿ.ಯ ಹೆಣ್ಣುಮಗಳಾಗಿರಲಿ. ಅವರು ಅಲ್ಲೇ ದಾನ ಮಾಡಲಿ, ನೀವು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೊನೆಯವರೆಗೆ ಕೂತಿರಿ. ಎರಡು ವಾರ ಬಿಟ್ಟು ಇನ್ನೊಂದು ಮಷೀನ್‌ನಲ್ಲಿ ಹೀಗೇ ಮಾಡಿ. ವಾಪಸ್ ಬರುವಾಗ ಕುಶಾಲನಗರದಲ್ಲಿ ಕಾಫಿಗೆ ಗಾಡಿ ನಿಲ್ಲಿಸಿ ಆಕೆಯನ್ನು ಕೇಳಿ, ಮತ್ತೆ ಕೂರುವುದಾದರೆ ಯಾವುದರಲ್ಲಿ ಕೂರುತ್ತೀಯಮ್ಮ ಅಂತ.